ರಾಜೀನಾಮೆ ಪತ್ರ ಬರುವ ಮೊದಲು: ಆರೋಗ್ಯ ಸಿಬ್ಬಂದಿಯ ಬಳಲಿಕೆಯನ್ನು ತಡೆಯಲು ಮಾಡಬೇಕಾದ ಕೆಲಸಗಳು

ಆಸ್ಪತ್ರೆ ಬಿಟ್ಟು ಹೋಗುವವರ ರಾಜೀನಾಮೆ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು: ‘ವೈಯಕ್ತಿಕ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ, ದಯವಿಟ್ಟು ಅಂಗೀಕರಿಸಬೇಕಾಗಿ ವಿನಂತಿ.’ ನಾನು ವಾರ್ಡಿನ ಇನ್‌ಚಾರ್ಜ್ ಆಗಿದ್ದ ವರ್ಷಗಳಲ್ಲಿ ಇಂಥ ಪತ್ರಗಳನ್ನು ಓದಿ, ಸಹಿ ಹಾಕಿ, ಮೇಲಿನವರಿಗೆ ಕಳುಹಿಸಿ, ಖಾಲಿಯಾದ ಜಾಗಕ್ಕೆ ಯಾರನ್ನು ಹಾಕುವುದೆಂದು ಯೋಚಿಸುತ್ತಿದ್ದೆನೇ ಹೊರತು ಆ ವೈಯಕ್ತಿಕ ಕಾರಣ ಯಾವುದೆಂದು ಕೇಳುತ್ತಿರಲಿಲ್ಲ. ಒಂದು ಸಲ, ಒಂಬತ್ತು ವರ್ಷ ಜೊತೆಯಲ್ಲಿ ದುಡಿದ ಹಿರಿಯ ಸಿಸ್ಟರ್ ಒಬ್ಬರು ಅದೇ ಸಾಲನ್ನು ಬರೆದು ನನ್ನ ಮೇಜಿನ ಮೇಲಿಟ್ಟು ಹೋದಾಗ, ಹಿಂದಿನ ಮೂರು ತಿಂಗಳ ಡ್ಯೂಟಿ ಪಟ್ಟಿಗಳನ್ನು ತೆಗೆದು ಅವರ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದೆ. ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ 9ಕ್ಕೆ ಮನೆಗೆ ಹೊರಟವರು ಮರುದಿನ ಬೆಳಿಗ್ಗೆ 7ಕ್ಕೆ ಮತ್ತೆ ಹಾಜರಿರಬೇಕಾಗಿದ್ದ ದಿನಗಳು 14 ಇದ್ದವು. ಕೇಳಿದ್ದ ಮೂರು ರಜೆಗಳ ಎದುರು ಕೆಂಪು ಶಾಯಿಯಲ್ಲಿ ‘ಇಲ್ಲ’ ಎಂದಿತ್ತು. ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೋದ ದಿನವನ್ನೇ ವಾರದ ರಜೆ ಎಂದು ಲೆಕ್ಕ ಹಿಡಿಯಲಾಗಿತ್ತು. ಆ ಪಟ್ಟಿಗಳ ಕೈಬರಹ ನನ್ನದೇ ಆಗಿತ್ತು.

ವಾರ್ಡಿನ ಇನ್‌ಚಾರ್ಜ್‌ಗಳು, ಶುಶ್ರೂಷಾ ಅಧೀಕ್ಷಕರು, ವೈದ್ಯರ ತಂಡವನ್ನು ನಡೆಸುವವರು, ಪ್ರಯೋಗಾಲಯ ಮತ್ತು ಔಷಧ ವಿಭಾಗಗಳ ಮುಖ್ಯಸ್ಥರು, ಆಡಳಿತದವರು, ಅಂದರೆ ಇನ್ನೊಬ್ಬರ ದುಡಿಮೆಯ ಗಂಟೆಗಳನ್ನು ನಿರ್ಧರಿಸುವ ಅಧಿಕಾರ ಸ್ವಲ್ಪವಾದರೂ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಬ್ಬಂದಿಯ ಬಳಲಿಕೆ ಬಹುಮಟ್ಟಿಗೆ ಕೆಲಸವನ್ನು ಹೊಂದಿಸಿರುವ ರೀತಿಯಿಂದ ಹುಟ್ಟುತ್ತದೆ. ಆದ್ದರಿಂದ ದುರಸ್ತಿಯೂ ಅಲ್ಲಿಂದಲೇ ಶುರುವಾಗಬೇಕು.

ಇದು ಏನು, ಏನಲ್ಲ

ಈ ಬಳಲಿಕೆಗೆ ಇಂಗ್ಲಿಷಿನಲ್ಲಿ ಬಳಸುವ ‘ಬರ್ನ್‌ಔಟ್’ ಎಂಬ ಮಾತನ್ನು ಈ ಅರ್ಥದಲ್ಲಿ ಚರ್ಚೆಗೆ ತಂದವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸ್ವಯಂಸೇವಕರ ಜೊತೆ ದುಡಿಯುತ್ತಿದ್ದ ಅವರು, ಅತ್ಯಂತ ಉತ್ಸಾಹದಿಂದ ಬಂದವರೇ ಬೇಗ ಬರಿದಾಗುವುದನ್ನು ಕಂಡು 1974ರಲ್ಲಿ ಅದರ ಬಗ್ಗೆ ಬರೆದರು. ಮುಂದೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ 22 ಪ್ರಶ್ನೆಗಳ ಮಾಪಕವನ್ನು 1981ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಪರಿಷ್ಕರಣೆ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದು ಬರ್ನ್‌ಔಟನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ವೃತ್ತಿಸಂಬಂಧಿ ಸ್ಥಿತಿಯೆಂದು ವಿವರಿಸುತ್ತದೆ. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿ ಬೆಳೆಯುವುದು, ತಾನು ಮಾಡುತ್ತಿರುವುದರಿಂದ ಏನೂ ಆಗುತ್ತಿಲ್ಲವೆಂಬ ಭಾವನೆ ಬಲಿಯುವುದು, ಈ ಮೂರೂ ಸೇರಿದ ಸ್ಥಿತಿ ಅದು.

ವಾರ್ಡಿನಲ್ಲಿ ಇದು ಪಾರಿಭಾಷಿಕ ಪದಗಳ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. ರೋಗಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ‘12ನೇ ಬೆಡ್’ ಎನ್ನತೊಡಗುತ್ತಾರೆ. ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದವರು ಸುಮ್ಮನೆ ತಲೆಯಾಡಿಸುತ್ತಾರೆ. ಹಿಂದೆ ಜಗಳವಾಡಿಯಾದರೂ ಸರಿಪಡಿಸಿಕೊಳ್ಳುತ್ತಿದ್ದ ಕೊರತೆಯನ್ನು ಈಗ ಕಂಡರೂ ಕಾಣದಂತೆ ದಾಟಿಹೋಗುತ್ತಾರೆ. ನನ್ನ ಅನುಭವದಲ್ಲಿ ದೂರುವವರಿಗಿಂತ, ದೂರುವುದನ್ನು ನಿಲ್ಲಿಸಿದವರ ಬಗ್ಗೆಯೇ ಹೆಚ್ಚು ಚಿಂತಿಸಬೇಕು.

ಎರಡು ಸಂಗತಿಗಳನ್ನು ಇದರಿಂದ ಬೇರೆಯಾಗಿ ಗುರುತಿಸಬೇಕಾಗುತ್ತದೆ. ಮೊದಲನೆಯದು ಖಿನ್ನತೆ. ಕೆಲಸದಿಂದ ದೂರವಿದ್ದಾಗಲೂ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿದ್ದರೆ, ನಿದ್ರೆ ಮತ್ತು ಹಸಿವು ವಾರಗಟ್ಟಲೆ ಕೆಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಡ್ಯೂಟಿ ಬದಲಾವಣೆಯನ್ನು ಮದ್ದೆಂದು ಭಾವಿಸದೆ ಆ ದಿನವೇ ಮನೋವೈದ್ಯರ ನೆರವು ಸಿಗುವಂತೆ ಮಾಡಬೇಕು. ಎರಡನೆಯದಕ್ಕೆ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ‘ನೈತಿಕ ಸಂಕಟ’ ಎಂಬ ಅರ್ಥದ ಹೆಸರು ಕೊಟ್ಟರು: ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಅಡಚಣೆಗಳಿಂದ ಅದನ್ನು ಮಾಡಲಾಗದ ಸ್ಥಿತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಯ ಬೆನ್ನಿನಲ್ಲಿ ಹುಣ್ಣು ಕಂಡಾಗ ಸಿಸ್ಟರ್ ಅಳುವುದು ದಣಿವಿನಿಂದಲ್ಲ. ಹುಣ್ಣಾಗುತ್ತದೆಂದು ಅವರಿಗೆ ಗೊತ್ತಿತ್ತು, ಮಗ್ಗುಲು ಬದಲಿಸಲು ಇನ್ನೊಂದು ಜೊತೆ ಕೈ ಇರಲಿಲ್ಲ. ಈ ನೋವಿಗೆ ವಿಶ್ರಾಂತಿ ಪರಿಹಾರವಾಗದು. ಇನ್ನೊಬ್ಬರನ್ನು ಒದಗಿಸಿಕೊಡಬೇಕಾಗುತ್ತದೆ.

ಬಿಟ್ಟು ಹೋಗುವವರ ಲೆಕ್ಕ ಇಡುವ ಬಗೆ

ಲೆಕ್ಕ ಸರಳವಾಗಿದೆ. ಹನ್ನೆರಡು ತಿಂಗಳಲ್ಲಿ ಬಿಟ್ಟು ಹೋದವರ ಸಂಖ್ಯೆಯನ್ನು ಆ ಅವಧಿಯ ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ಸರಾಸರಿ 40 ಜನರಿದ್ದು 10 ಜನ ಹೋಗಿದ್ದರೆ ಅದು ಶೇ 25. ಆದರೆ ಇಡೀ ಆಸ್ಪತ್ರೆಗೆ ಒಂದೇ ಅಂಕಿಯನ್ನು ತೆಗೆದು ವಾರ್ಷಿಕ ವರದಿಯಲ್ಲಿ ಇಡುವುದರಿಂದ ಯಾರಿಗೂ ಉಪಯೋಗವಿಲ್ಲ. ಅದನ್ನು ವಿಭಾಗವಾರು ಒಡೆಯಬೇಕು, ಸೇವಾವಧಿಯ ಪ್ರಕಾರ ಒಡೆಯಬೇಕು, ಯಾರ ಮೇಲ್ವಿಚಾರಣೆಯಲ್ಲಿದ್ದರು ಎಂಬುದರ ಪ್ರಕಾರವೂ ಒಡೆಯಬೇಕು. ಮೇಲಿನ ಹತ್ತು ಜನರಲ್ಲಿ ಏಳು ಜನ ಒಂದೇ ವಾರ್ಡಿನವರಾಗಿದ್ದರೆ ಪ್ರಶ್ನೆ ಆಸ್ಪತ್ರೆಯದಲ್ಲ, ಆ ವಾರ್ಡಿನದು. ಏಳು ಜನರೂ ಕೆಲಸಕ್ಕೆ ಸೇರಿ ಒಂದು ವರ್ಷ ತುಂಬದವರಾಗಿದ್ದರೆ ಹೊಸಬರನ್ನು ಬರಮಾಡಿಕೊಳ್ಳುವ ರೀತಿಯಲ್ಲಿ ದೋಷವಿದೆ. ಹತ್ತು ವರ್ಷ ದಾಟಿದವರಾಗಿದ್ದರೆ ಬಡ್ತಿ, ಗೌರವ ಮತ್ತು ಪಾಳಿಗಳ ಹಂಚಿಕೆಯನ್ನು ನೋಡಬೇಕು. ಒಂದೇ ಹುದ್ದೆ ವರ್ಷದಲ್ಲಿ ಮೂರು ಸಲ ಖಾಲಿಯಾಗುವುದೂ ಉಂಟು. ಶೇಕಡಾವಾರಿನಲ್ಲಿ ಅದು ಕಾಣಿಸದ ಕಾರಣ, ಹುದ್ದೆಯ ಎದುರು ಬಂದುಹೋದವರ ಹೆಸರುಗಳನ್ನು ಸಾಲಾಗಿ ಬರೆದಿಡುವ ಒಂದು ಪುಸ್ತಕ ಇರುವುದು ಒಳ್ಳೆಯದು.

ಈ ಲೆಕ್ಕ ಏಕೆ ತುರ್ತಿನದೆಂದರೆ, ಒಬ್ಬರು ಹೋದ ಕೂಡಲೇ ಅವರ ರೋಗಿಗಳು ಉಳಿದವರಿಗೆ ಹಂಚಿಹೋಗುತ್ತಾರೆ ಮತ್ತು ಹಾಗೆ ಹಂಚಿಹೋದ ಹೊರೆಯೇ ಮುಂದಿನವರನ್ನು ಹೊರಡಿಸುತ್ತದೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರತಿ ಶುಶ್ರೂಷಕರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಅವರಲ್ಲಿ ಬರ್ನ್‌ಔಟ್ ಕಾಣಿಸಿಕೊಳ್ಳುವ ಸಂಭವ ಶೇ 23ರಷ್ಟು ಹೆಚ್ಚಿತ್ತು, ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವವೂ ಶೇ 7ರಷ್ಟು ಹೆಚ್ಚಿತ್ತು. ಸಿಬ್ಬಂದಿಯ ಕ್ಷೇಮವನ್ನೂ ರೋಗಿಯ ಸುರಕ್ಷತೆಯನ್ನೂ ಬೇರೆ ಬೇರೆ ಕಡತಗಳಲ್ಲಿ ಇಡುವವರು ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು.

ಪ್ರಶ್ನಾವಳಿಯ ಮೂಲಕ ಬಳಲಿಕೆಯನ್ನು ಅಳೆಯುವುದಿದ್ದರೆ ಮ್ಯಾಸ್ಲಾಕ್ ಮಾಪಕಕ್ಕೆ ಹಣ ತೆರಬೇಕಾಗುತ್ತದೆ. 2005ರಲ್ಲಿ ಪ್ರಕಟವಾದ, 19 ಪ್ರಶ್ನೆಗಳ ಕೋಪನ್‌ಹೇಗನ್ ಮಾಪಕವನ್ನು ಉಚಿತವಾಗಿ ಬಳಸಬಹುದು. ಯಾವುದನ್ನೇ ಬಳಸಿದರೂ ಉತ್ತರಿಸಿದವರ ಹೆಸರು ಗೊತ್ತಾಗದಂತೆ ನೋಡಿಕೊಳ್ಳುವುದು ಕಡ್ಡಾಯ. ನಾಲ್ಕೇ ಜನರಿರುವ ವಿಭಾಗದ ಅಂಕಗಳನ್ನು ಪ್ರತ್ಯೇಕವಾಗಿ ಪ್ರಕಟಿಸಿದರೆ ಯಾರು ಏನು ಬರೆದರೆಂದು ಎಲ್ಲರಿಗೂ ತಿಳಿಯುತ್ತದೆ, ಮುಂದಿನ ಬಾರಿ ಯಾರೂ ನಿಜ ಬರೆಯುವುದಿಲ್ಲ. ಏನನ್ನೂ ಬದಲಿಸುವ ಇಚ್ಛೆ ಇಲ್ಲದಿದ್ದರೆ ಸಮೀಕ್ಷೆಯನ್ನೇ ಮಾಡಬೇಡಿ. ಕೇಳಿಸಿಕೊಂಡು ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ಇರುವವರನ್ನು ಕೇಳುವುದು

ಹೊರಡುವವರನ್ನು ಕೂರಿಸಿಕೊಂಡು ಕಾರಣ ಕೇಳುವ ಪದ್ಧತಿ ಅನೇಕ ಕಡೆ ಇದೆ. ಅನುಭವ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದ ಮೇಲಧಿಕಾರಿಯೇ ಎದುರು ಕುಳಿತು ಕೇಳಿದರೆ ಬರುವ ಉತ್ತರ ‘ಏನಿಲ್ಲ ಮೇಡಂ, ಮನೆ ಕಡೆ ಸ್ವಲ್ಪ ತೊಂದರೆ’ ಎಂಬುದೇ ಆಗಿರುತ್ತದೆ. ಆ ಸಂಭಾಷಣೆಯನ್ನು ಬೇರೆ ವಿಭಾಗದವರಿಗೆ ವಹಿಸಿ, ಸಾಧ್ಯವಾದರೆ ಪ್ರಮಾಣಪತ್ರ ಕೈಸೇರಿದ ಕೆಲವು ವಾರಗಳ ನಂತರ ನಡೆಸಿ. ನಾನು ಆ ಹಿರಿಯ ಸಿಸ್ಟರಿಗೆ ಫೋನ್ ಮಾಡಿದ್ದು ಅವರು ಹೋದ ಎರಡು ತಿಂಗಳ ಮೇಲೆ. ರಜೆ ನಿರಾಕರಣೆಗಿಂತ ಹೆಚ್ಚಾಗಿ ಅವರನ್ನು ನೋಯಿಸಿದ್ದು, ನಿರಾಕರಿಸುವಾಗ ನಾನು ತಲೆಯೆತ್ತಿ ನೋಡದೆ ಬರೆಯುತ್ತಲೇ ಇದ್ದದ್ದು ಎಂದು ಆಗ ತಿಳಿಯಿತು.

ಅದಕ್ಕಿಂತ ಹೆಚ್ಚು ಪ್ರಯೋಜನವಾಗುವುದು ಇನ್ನೂ ಇರುವವರೊಂದಿಗೆ ನಡೆಸುವ ಮಾತುಕತೆ. ವರ್ಷಕ್ಕೆ ಎರಡು ಸಲ, ಡ್ಯೂಟಿಯ ಅವಧಿಯೊಳಗೇ, ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಕುಳಿತರೆ ಸಾಕು. ಕಳೆದ ತಿಂಗಳು ಯಾವ ದಿನ ಕೆಲಸ ಬಿಡಬೇಕೆನಿಸಿತು, ಆ ದಿನ ಏನಾಗಿತ್ತು, ಯಾವ ಕೆಲಸ ಮಾಡುವಾಗ ಇದಕ್ಕಾಗಿಯೇ ಈ ವೃತ್ತಿಗೆ ಬಂದೆ ಅನಿಸುತ್ತದೆ, ನಾನು ಮಾಡುತ್ತಿರುವ ಯಾವ ಕೆಲಸ ನಿಮ್ಮ ಕೆಲಸವನ್ನು ಕಷ್ಟವಾಗಿಸುತ್ತಿದೆ ಎಂದು ಕೇಳಿ. ಹೇಳಿದ್ದನ್ನು ಅವರ ಎದುರೇ ಬರೆದುಕೊಳ್ಳಿ. ಅದರಲ್ಲಿ ಒಂದನ್ನಾದರೂ ಎರಡು ವಾರದೊಳಗೆ ಮಾಡಿ ತೋರಿಸಿ. ಆಗದಿದ್ದುದನ್ನು ಏಕೆ ಆಗದೆಂದು ಮರಳಿ ಹೋಗಿ ಹೇಳಿ. ಈ ಮೂರನೆಯದನ್ನು ಬಹಳ ಜನ ಮಾಡುವುದಿಲ್ಲ, ನಂಬಿಕೆ ಕೆಡುವುದು ಅಲ್ಲೇ.

ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಕೆಲಸದ ಬದುಕನ್ನು ಆರು ಬದಿಗಳಿಂದ ನೋಡಲು ಹೇಳುತ್ತಾರೆ: ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ ಮತ್ತು ಮನ್ನಣೆ, ಸಹೋದ್ಯೋಗಿಗಳ ನಂಟು, ನ್ಯಾಯ, ಮೌಲ್ಯಗಳು. ಮಾತುಕತೆಯ ಟಿಪ್ಪಣಿಗಳನ್ನು ಈ ಆರರ ಕೆಳಗೆ ಬರೆದು ನೋಡಿದರೆ ನಿಮ್ಮ ವಾರ್ಡಿನ ನೋವು ಎಲ್ಲಿದೆಯೆಂದು ತಿಳಿಯುತ್ತದೆ. ಹೊರೆಯೇ ಕಾರಣವೆಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಎಷ್ಟೋ ಸಲ ಟಿಪ್ಪಣಿಗಳು ಗುಡ್ಡೆಯಾಗುವುದು ‘ನ್ಯಾಯ’ದ ಕೆಳಗೆ.

ಡ್ಯೂಟಿ ಪಟ್ಟಿ

ಬದಲಾವಣೆಗೆ ಹಣ ಕೇಳುವ ಮೊದಲು ಕೈಯಲ್ಲಿರುವ ಪಟ್ಟಿಯನ್ನು ತಿದ್ದಬಹುದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಂದು ಹಾಳೆಯಿಂದ ಇಷ್ಟು ಜನರ ನಿದ್ರೆ ನಿರ್ಧಾರವಾಗುವ ಇನ್ನೊಂದು ಜಾಗ ಆಸ್ಪತ್ರೆಯಲ್ಲಿ ಇಲ್ಲ.

ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆಗಳ ಅಂತರವಿರಬೇಕು. ಯುರೋಪಿಯನ್ ಒಕ್ಕೂಟದ ಕೆಲಸದ ಸಮಯದ ನಿಯಮ ಇದನ್ನೇ ಹೇಳುತ್ತದೆ, ಜೊತೆಗೆ ವಾರದ ಸರಾಸರಿ ದುಡಿಮೆಯನ್ನು 48 ಗಂಟೆಗೆ ಸೀಮಿತಗೊಳಿಸುತ್ತದೆ. ನನ್ನ ಪಟ್ಟಿಯಲ್ಲಿದ್ದ ರಾತ್ರಿ 9ರಿಂದ ಬೆಳಿಗ್ಗೆ 7ರ ಹತ್ತು ಗಂಟೆಯಲ್ಲಿ ಮನೆಗೆ ಹೋಗುವ, ಉಣ್ಣುವ, ಮರಳಿ ಸಿದ್ಧವಾಗಿ ಬರುವ ಸಮಯವನ್ನು ಕಳೆದರೆ ನಿದ್ರೆಗೆ ಐದಾರು ಗಂಟೆಯೂ ಉಳಿಯುವುದಿಲ್ಲ. ಮಧ್ಯಾಹ್ನದ ಪಾಳಿಯ ಮರುದಿನ ಬೆಳಗಿನ ಪಾಳಿ ಹಾಕುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು. ಪಾಳಿಗಳು ಬದಲಾಗುವುದಾದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದೆ ಸರಿಯಬೇಕು. ಹೆಚ್ಚಿನವರ ದೇಹಕ್ಕೆ ನಿದ್ರೆಯನ್ನು ಮುಂದೂಡುವುದು ಹಿಂದಕ್ಕೆ ತರುವುದಕ್ಕಿಂತ ಸುಲಭ. ಸತತ ರಾತ್ರಿಗಳನ್ನು ಮೂರಕ್ಕೆ ನಿಲ್ಲಿಸಿ, ಆನಂತರ ಎರಡು ಪೂರ್ಣ ದಿನ ಬಿಡುವು ಕೊಡಬೇಕು. ರಾತ್ರಿ ಪಾಳಿ ಮುಗಿದ ಬೆಳಿಗ್ಗೆ ಮನೆ ಸೇರಿ ಮಲಗುವ ದಿನವನ್ನು ರಜೆಯ ಲೆಕ್ಕಕ್ಕೆ ಸೇರಿಸಕೂಡದು, ಅದು ದುಡಿದ ದಿನದ ಬಾಲ.

ಪಾಳಿಯನ್ನು ಉದ್ದ ಮಾಡಿ ಕೊರತೆ ತುಂಬುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. 2004ರಲ್ಲಿ ಪ್ರಕಟವಾದ ಆನ್ ರಾಜರ್ಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, 12.5 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ದುಡಿದ ಆಸ್ಪತ್ರೆ ಶುಶ್ರೂಷಕರಿಂದ ತಪ್ಪುಗಳಾಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ಪ್ರಯೋಗಗಳು ತೋರಿಸಿವೆ. ಡಬಲ್ ಡ್ಯೂಟಿ ಮಾಡಿ ಸಹಕರಿಸಿದರೆಂದು ನಾವು ಹೊಗಳುವವರ ಕೈಯಲ್ಲೇ ಆ ಹೊತ್ತಿನಲ್ಲಿ ಇನ್ಸುಲಿನ್ ಸಿರಿಂಜ್ ಇರುತ್ತದೆ.

ಪಟ್ಟಿಯನ್ನು ಕನಿಷ್ಠ ನಾಲ್ಕು ವಾರ ಮೊದಲು ಹಾಕಿಬಿಡಿ. ಮುಂದಿನ ಶನಿವಾರ ಯಾವ ಪಾಳಿಯೆಂದು ತಿಳಿಯದವರಿಗೆ ಮಗುವಿನ ಶಾಲೆಯ ಕಾರ್ಯಕ್ರಮಕ್ಕೆ ಬರುತ್ತೇನೆಂದು ಮಾತು ಕೊಡಲೂ ಆಗುವುದಿಲ್ಲ. ಪರಸ್ಪರ ಒಪ್ಪಿ ಪಾಳಿ ಬದಲಿಸಿಕೊಳ್ಳುವುದಕ್ಕೆ ಅನುಭವ ಮತ್ತು ವಿಶ್ರಾಂತಿಯ ಗಂಟೆಗಳ ಷರತ್ತಿಟ್ಟು, ಉಳಿದದ್ದನ್ನು ಅವರಿಗೇ ಬಿಡಿ. ರಾತ್ರಿಗಳು, ಭಾನುವಾರಗಳು, ಹಬ್ಬದ ದಿನಗಳು ಯಾರ ಪಾಲಿಗೆ ಎಷ್ಟು ಬಂದವೆಂಬ ಲೆಕ್ಕವನ್ನು ಎಲ್ಲರೂ ನೋಡುವಂತೆ ಗೋಡೆಗೆ ಹಚ್ಚಿ. ಮೊದಲ ಬಾರಿ ಹಾಗೆ ಹಚ್ಚಿದ ದಿನ, ಎದುರು ಮಾತಾಡದ ಇಬ್ಬರ ಹೆಸರಿನ ಮುಂದೆ ಉಳಿದವರಿಗಿಂತ ದುಪ್ಪಟ್ಟು ರಾತ್ರಿಗಳಿದ್ದದ್ದು ನನಗೇ ಮೊದಲು ಕಂಡಿತು. ಬೇಕೆಂದು ಮಾಡಿದ್ದಲ್ಲ, ಜಗಳವಾಡುವವರ ಬಳಿಗೆ ಹೋಗಲು ಅಂಜಿ, ಒಪ್ಪಿಕೊಳ್ಳುವವರ ಹೆಸರನ್ನೇ ಮತ್ತೆ ಮತ್ತೆ ಬರೆದಿದ್ದೆ.

ಬಿಡುವಿನ ವಿಷಯದಲ್ಲಿ ಕಾಗದದ ಮೇಲಿನ ಅರ್ಧ ಗಂಟೆಯನ್ನು ನಂಬಬೇಡಿ. ಊಟಕ್ಕೆ ಹೋಗುವವರ ರೋಗಿಗಳನ್ನು ಆ ಹೊತ್ತಿಗೆ ಯಾರು ನೋಡುತ್ತಾರೆಂದು ಪಟ್ಟಿಯಲ್ಲೇ ಹೆಸರು ಬರೆದಿರದಿದ್ದರೆ ಆ ಬಿಡುವು ಇಲ್ಲವೆಂದೇ ಅರ್ಥ. ರಾತ್ರಿ ಪಾಳಿಯಲ್ಲಿ 20 ನಿಮಿಷದ ಕಿರುನಿದ್ರೆಗೆ ಜಾಗವನ್ನೂ ಅನುಮತಿಯನ್ನೂ ಕೊಡಿ. ಕದ್ದು ಮಲಗುವುದಕ್ಕಿಂತ ಸರದಿಯಲ್ಲಿ ಮಲಗುವುದು ರೋಗಿಗೂ ಕ್ಷೇಮ.

ಹೊರೆಯನ್ನು ಎಣಿಸುವುದು, ಬೇಡದ್ದನ್ನು ಕಳೆಯುವುದು

ಹಾಸಿಗೆಗಳ ಸಂಖ್ಯೆಯಿಂದ ಹೊರೆ ತಿಳಿಯುವುದಿಲ್ಲ. ಒಂದೇ ಹಾಸಿಗೆಯಿಂದ ಬೆಳಿಗ್ಗೆ ಒಬ್ಬರು ಬಿಡುಗಡೆಯಾಗಿ ಮಧ್ಯಾಹ್ನ ಇನ್ನೊಬ್ಬರು ದಾಖಲಾದರೆ ರಾತ್ರಿಯ ಎಣಿಕೆಯಲ್ಲಿ ಅದು ಒಬ್ಬ ರೋಗಿ, ಸಿಸ್ಟರಿಗೆ ಇಬ್ಬರ ಕೆಲಸ. ಪ್ರತಿ ಪಾಳಿಯ ಆರಂಭದಲ್ಲಿ ಇನ್ನೊಬ್ಬರ ಸಹಾಯವಿಲ್ಲದೆ ಏಳಲಾರದವರು, ಗಂಟೆಗೊಮ್ಮೆ ನೋಡಬೇಕಾದವರು, ಆ ದಿನ ಬರುವವರು ಮತ್ತು ಹೋಗುವವರು ಎಷ್ಟು ಜನ ಎಂದು ಬರೆದಿಟ್ಟರೆ ತಿಂಗಳೊಳಗೆ ಮೇಲಿನವರ ಮುಂದಿಡಬಹುದಾದ ದಾಖಲೆ ಸಿದ್ಧವಾಗುತ್ತದೆ. ‘ಜನ ಸಾಲುತ್ತಿಲ್ಲ’ ಎಂಬ ಮಾತಿಗೆ ಸಿಗದ ಉತ್ತರ ಈ ಹಾಳೆಗಳಿಗೆ ಸಿಗುವುದನ್ನು ಕಂಡಿದ್ದೇನೆ. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಶಾಸನ ಮಾಡಿ 2004ರಿಂದ ಶುಶ್ರೂಷಕರಿಗೆ ವಹಿಸಬಹುದಾದ ರೋಗಿಗಳ ಮಿತಿಯನ್ನು ಜಾರಿಗೆ ತಂದಿತು. ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಕಾನೂನು ಇಲ್ಲದ ಕಡೆಯೂ ಸಂಸ್ಥೆಯೊಂದು ತನಗೆ ತಾನೇ ಇಂಥ ಮಿತಿ ಹಾಕಿಕೊಳ್ಳಬಹುದು.

ಜನ ಸೇರಿಸುವುದು ನಿಧಾನದ ಕೆಲಸ, ಬೇಡದ ಕೆಲಸವನ್ನು ಕಳೆಯುವುದು ಇಂದೇ ಆಗುವಂಥದ್ದು. ಅಮೆರಿಕದ ವೈದ್ಯರ ದಿನಚರಿಯನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಕ್ರಿಸ್ಟೀನ್ ಸಿನ್‌ಸ್ಕಿ ಮತ್ತು ಸಂಗಡಿಗರ ಅಧ್ಯಯನದಲ್ಲಿ, ರೋಗಿಯ ಜೊತೆ ನೇರವಾಗಿ ಕಳೆದ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತಿತ್ತು. ಹವಾಯಿ ಪೆಸಿಫಿಕ್ ಹೆಲ್ತ್ ಎಂಬ ಆಸ್ಪತ್ರೆಗಳ ಸಮೂಹ 2017ರಲ್ಲಿ ತನ್ನ ಸಿಬ್ಬಂದಿಯನ್ನೇ ಕರೆದು, ದಾಖಲೆ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಕೆಲಸಗಳನ್ನು ತೋರಿಸಿಕೊಡಿ ಎಂದು ಕೇಳಿತು. ರೋಗಿಯನ್ನು ಗಂಟೆಗೊಮ್ಮೆ ನೋಡಿ ಬಂದೆನೆಂದು ಗುರುತು ಹಾಕುವ ಒಂದು ಕ್ಲಿಕ್ಕನ್ನು ತೆಗೆದುಹಾಕಿದ್ದರಿಂದಲೇ ನಾಲ್ಕು ಆಸ್ಪತ್ರೆಗಳಲ್ಲಿ ಸೇರಿ ತಿಂಗಳಿಗೆ ಸುಮಾರು 1,700 ಶುಶ್ರೂಷಾ ಗಂಟೆಗಳು ಉಳಿದವು.

ಇದನ್ನು ಯಾವ ವಾರ್ಡಿನಲ್ಲಿಯೂ ಮಾಡಬಹುದು. ಡ್ಯೂಟಿ ಕೋಣೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಪೆನ್ನು ಕಟ್ಟಿ, ಎರಡು ವಾರ ಬಿಡಿ. ಒಂದೇ ಜ್ವರದ ಅಂಕಿಯನ್ನು ಚಾರ್ಟಿನಲ್ಲಿ, ರಿಜಿಸ್ಟರಿನಲ್ಲಿ, ಕಂಪ್ಯೂಟರಿನಲ್ಲಿ ಮೂರು ಸಲ ಬರೆಯುತ್ತಿರುವುದು, ಯಾರೂ ಓದದ ವರದಿಯನ್ನು ಪ್ರತಿ ಸಂಜೆ ಸಿದ್ಧಪಡಿಸುತ್ತಿರುವುದು, ಔಷಧ ತರಲು ಸಿಸ್ಟರೇ ದಿನಕ್ಕೆ ಆರು ಸಲ ಕೆಳಗಿನ ಮಹಡಿಗೆ ಇಳಿಯುತ್ತಿರುವುದು ಎಲ್ಲವೂ ಅಲ್ಲಿ ಬರುತ್ತವೆ. ಕಾನೂನು ಅಥವಾ ರೋಗಿಯ ಸುರಕ್ಷತೆ ಕೇಳದ ಪ್ರತಿಯೊಂದನ್ನೂ ಕಾಟು ಹಾಕಿ. ತೆಗೆದದ್ದರ ಜಾಗಕ್ಕೆ ಹೊಸ ನಮೂನೆಯೊಂದು ಬಂದು ಕೂರದಂತೆ ನೋಡಿಕೊಳ್ಳುವುದೂ ನಿಮ್ಮದೇ ಹೊಣೆ.

ಹೊಸಬರ ಮೊದಲ ವರ್ಷ

ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನ ನಿಜಕ್ಕೂ ನಡುವೆ ಹೊಸಬರು ಅನುಭವಿಸುವ ಆಘಾತವನ್ನು ಮಾರ್ಲೀನ್ ಕ್ರೇಮರ್ 1974ರಲ್ಲೇ ವಿವರಿಸಿದ್ದರು. ಅದನ್ನು ತಗ್ಗಿಸಲು ಮುಖ್ಯವಾಗಿ ಬೇಕಾದದ್ದು ಎರಡು. ಮೊದಲ ವಾರಗಳಲ್ಲಿ ಹೊಸಬರನ್ನು ಪಾಳಿಯ ತಲೆಲೆಕ್ಕಕ್ಕೆ ಸೇರಿಸದಿರುವುದು ಒಂದು. ಕಲಿಸಲು ಒಬ್ಬರನ್ನೇ ನೇಮಿಸಿ, ಕಲಿಸುವವರ ರೋಗಿಗಳ ಸಂಖ್ಯೆಯನ್ನು ಇಳಿಸುವುದು ಇನ್ನೊಂದು. ಎಂಟು ರೋಗಿಗಳನ್ನು ನೋಡುತ್ತಾ ಕಲಿಸಬೇಕಾದವರು ಕಲಿಸುವುದಿಲ್ಲ, ರೇಗುತ್ತಾರೆ. ಆ ರೇಗಾಟವೇ ಹೊಸಬರಿಗೆ ವೃತ್ತಿಯ ಮೊದಲ ಪಾಠವಾಗುತ್ತದೆ. ಮೊದಲ ವಾರ, ಮೊದಲ ತಿಂಗಳು ಮತ್ತು ಮೂರನೇ ತಿಂಗಳ ಕೊನೆಯಲ್ಲಿ ಇನ್‌ಚಾರ್ಜ್ ಖುದ್ದಾಗಿ ಕೂತು ಮಾತಾಡಲಿ. ಒಂಟಿಯಾಗಿ ರಾತ್ರಿ ಪಾಳಿ ಹಾಕುವ ಮೊದಲು ‘ಸಿದ್ಧರಿದ್ದೀರಾ’ ಎಂದು ಕೇಳಿ. ‘ಇಲ್ಲ’ ಎಂದವರನ್ನು ದುರ್ಬಲರೆಂದು ಎಣಿಸಕೂಡದು.

ಕೆಟ್ಟ ದಿನದ ನಂತರ

ಮಕ್ಕಳ ವಾರ್ಡಿನಲ್ಲಿ ಒಂದು ಮಗು ತೀರಿಕೊಂಡ ಸಂಜೆಯನ್ನು ನೆನೆಯುತ್ತೇನೆ. ನಲವತ್ತು ನಿಮಿಷ ಎದೆ ಒತ್ತಿದ ಸಿಸ್ಟರ್ ತಾಯಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು, ಆಮೇಲೆ ಕೈ ತೊಳೆದುಕೊಂಡು, ಮುಂದಿನ ಹಾಸಿಗೆಯ ಮಗುವಿನ ಬಳಿ ಹೋಗಿ ‘ಪುಟ್ಟಾ, ಇರುವೆ ಕಚ್ಚಿದ ಹಾಗೆ ಆಗುತ್ತೆ ಅಷ್ಟೇ’ ಎಂದು ನಗುತ್ತಾ ಇಂಜೆಕ್ಷನ್ ಕೊಟ್ಟರು. ಔಷಧಿಯ ಸಮಯ ಮೀರುತ್ತಿತ್ತು. ಆ ರಾತ್ರಿ ಯಾರೂ ಅವರನ್ನು ಏನೂ ಕೇಳಲಿಲ್ಲ. ಇಂಥ ಸಂಜೆಗಳು ಒಂದರ ಮೇಲೊಂದು ಕೂಡುತ್ತವೆ.

ಸಾವು, ಹಲ್ಲೆ, ಅಥವಾ ದೊಡ್ಡ ತಪ್ಪು ನಡೆದ ಪಾಳಿ ಮುಗಿಯುವ ಮೊದಲು ಹತ್ತು ನಿಮಿಷ ತಂಡವನ್ನು ಸೇರಿಸಿ: ಏನಾಯಿತು, ಏನು ಚೆನ್ನಾಗಿ ಮಾಡಿದೆವು, ಯಾರಿಗೆ ಈಗ ಮನೆಗೆ ಹೋಗಬೇಕಾಗಿದೆ. ಮಾತಾಡಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ, ಮೂರನೇ ದಿನ ಒಂದು ಫೋನ್ ಮಾತ್ರ ಮಾಡಿ. ತಪ್ಪು ಮಾಡಿದವರೂ ಆ ಘಟನೆಯಿಂದ ಜರ್ಜರಿತರಾಗುತ್ತಾರೆಂಬುದನ್ನು ವೈದ್ಯ ಆಲ್ಬರ್ಟ್ ವೂ 2000ದಲ್ಲಿ ‘ಎರಡನೆಯ ಬಲಿಪಶು’ ಎಂಬ ಮಾತಿನಿಂದ ಗುರುತಿಸಿದರು. ತನಿಖೆ ನಡೆಯುವಾಗಲೇ ಅವರ ಪಕ್ಕದಲ್ಲಿ ಒಬ್ಬರಿರಬೇಕು, ತನಿಖೆ ಮುಗಿದ ಮೇಲಲ್ಲ. ಹಲ್ಲೆಯಾದಾಗ ದೂರು ದಾಖಲಿಸುವ ಕೆಲಸವನ್ನು ಪೆಟ್ಟು ತಿಂದವರ ಮೇಲೆ ಬಿಡದೆ ಸಂಸ್ಥೆಯೇ ಮಾಡಬೇಕು. ತಿಂಗಳಿಗೊಮ್ಮೆ, ಚಿಕಿತ್ಸೆಯ ತಾಂತ್ರಿಕತೆಯನ್ನು ಬದಿಗಿಟ್ಟು, ರೋಗಿಗಳ ಆರೈಕೆ ತಮ್ಮ ಮನಸ್ಸಿನ ಮೇಲೆ ಏನು ಮಾಡಿತೆಂದು ಎಲ್ಲ ದರ್ಜೆಯವರೂ ಒಟ್ಟಿಗೆ ಕೂತು ಮಾತಾಡುವ ಸಭೆಗಳು 1997ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಆರಂಭವಾದವು. ಅಲ್ಲಿ ಚಿಕಿತ್ಸೆ ಪಡೆದು 1995ರಲ್ಲಿ ತೀರಿಕೊಂಡ ಕೆನೆತ್ ಶ್ವಾರ್ಟ್ಜ್ ಅವರ ಹೆಸರನ್ನು ಈ ಸಭೆಗಳಿಗೆ ಇಡಲಾಗಿದೆ. ಅಲ್ಲಿ ಸ್ವಚ್ಛತಾ ಸಿಬ್ಬಂದಿಗೂ ಶಸ್ತ್ರಚಿಕಿತ್ಸಕರಿಗೂ ಸಮನಾದ ಕುರ್ಚಿ ಇರುವುದು ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ.

ಧ್ಯಾನ ಶಿಬಿರಗಳ ಬಗ್ಗೆ

ಧ್ಯಾನ, ಯೋಗ, ಒತ್ತಡ ನಿರ್ವಹಣೆಯ ತರಬೇತಿಗಳು ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ವೈದ್ಯರ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ವ್ಯಕ್ತಿಗಳಿಗೆ ಕೊಡುವ ನೆರವೂ, ಕೆಲಸದ ವ್ಯವಸ್ಥೆಯಲ್ಲಿ ಮಾಡುವ ಬದಲಾವಣೆಯೂ ಸ್ವಲ್ಪ ಮಟ್ಟಿಗೆ ಬರ್ನ್‌ಔಟನ್ನು ಇಳಿಸುತ್ತವೆಂದು ಕಂಡಿದೆ. 2017ರ ಅಂಥ ಒಂದು ವಿಶ್ಲೇಷಣೆಯಲ್ಲಿ ವ್ಯವಸ್ಥೆಯ ಬದಲಾವಣೆಗಳ ಪರಿಣಾಮ ಹೆಚ್ಚಾಗಿತ್ತು. ಶಿಬಿರವನ್ನು ವಾರದ ರಜೆಯ ದಿನ ಕಡ್ಡಾಯವಾಗಿ ಇಟ್ಟರೆ ಅದೂ ಒಂದು ಡ್ಯೂಟಿಯೇ.

ಆಪ್ತಸಮಾಲೋಚನೆಯ ವ್ಯವಸ್ಥೆ ಇರಲಿ, ಆದರೆ ಅದು ಆಸ್ಪತ್ರೆಯ ಹೊರಗಿರಲಿ, ಯಾರು ಹೋದರೆಂಬುದು ಆಡಳಿತಕ್ಕೆ ತಿಳಿಯದಿರಲಿ. ನೆರವು ಕೇಳಿದರೆ ಪರವಾನಗಿಗೆ ಅಥವಾ ಬಡ್ತಿಗೆ ತೊಂದರೆಯಾಗುತ್ತದೆಂಬ ಅಂಜಿಕೆ ವೈದ್ಯರಲ್ಲಿ ಆಳವಾಗಿದೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಅಲೆಯ ನಡುವೆ ಆತ್ಮಹತ್ಯೆ ಮಾಡಿಕೊಂಡ ನ್ಯೂಯಾರ್ಕಿನ ತುರ್ತು ಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ ಅವರ ಹೆಸರಿನಲ್ಲಿ ಅಮೆರಿಕ 2022ರಲ್ಲಿ ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕಾಗಿ ಒಂದು ಕಾನೂನನ್ನೇ ಮಾಡಿತು. ಅರ್ಜಿ ನಮೂನೆಗಳಲ್ಲಿ ‘ಹಿಂದೆ ಯಾವಾಗಲಾದರೂ ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ’ ಎಂಬ ಪ್ರಶ್ನೆ ನಿಮ್ಮಲ್ಲಿ ಇದ್ದರೆ ಅದನ್ನು ತೆಗೆಸಲು ಬರೆಯಿರಿ.

ಇನ್‌ಚಾರ್ಜ್ ಕೂಡ ಇದೇ ಕೆಲಸದಲ್ಲಿ ಸವೆಯುವವರು. ಪಟ್ಟಿ ಬರೆಯುವ, ಅಹವಾಲು ಕೇಳುವ ಕೆಲಸಕ್ಕೆ ವಾರದಲ್ಲಿ ಇಷ್ಟು ಗಂಟೆ ಎಂದು ಪ್ರತ್ಯೇಕವಾಗಿ ಕೊಡದೆ, ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಮಾಡು ಎಂದರೆ ಆ ಕೆಲಸ ನಾನು ಮಾಡಿದ ಹಾಗೆಯೇ ಆಗುತ್ತದೆ, ತಲೆಯೆತ್ತದೆ.

ಆದರೂ ಹೊರಡುವವರು

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ, ಹೋಗಬೇಕಾದ ಕಾರಣಗಳೂ ಇರುತ್ತವೆ. ಅವರ ಬಾಕಿ ರಜೆ, ವೇತನ, ಪ್ರಮಾಣಪತ್ರಗಳನ್ನು ಅಲೆಸದೆ ಕೊಡಿ. ಮರಳಿ ಬರಬಯಸಿದರೆ ಯಾರನ್ನು ಕೇಳಬೇಕೆಂದು ತಿಳಿಸಿ. ಅವರು ಹೇಗೆ ಹೊರಟರೆಂಬುದನ್ನು ಉಳಿದವರು ಬಹಳ ಗಮನವಿಟ್ಟು ನೋಡುತ್ತಿರುತ್ತಾರೆ. ನೋಟಿಸ್ ಅವಧಿ ಮುಗಿಯುವ ಮೊದಲು ಮುಂದಿನ ತಿಂಗಳ ಪಟ್ಟಿಯನ್ನು ತೆಗೆದು, ಹೊರಡುವವರ ಸಾಲಿನ ಪಾಳಿಗಳನ್ನು ಉಳಿದವರ ಸಾಲುಗಳಿಗೆ ಹಂಚುವ ಮುನ್ನ, ಹೊಸಬರು ಬರುವವರೆಗೆ ಯಾವ ಕೆಲಸವನ್ನು ನಿಲ್ಲಿಸುತ್ತೇವೆ, ಎಷ್ಟು ಹಾಸಿಗೆಗಳನ್ನು ಮುಚ್ಚುತ್ತೇವೆ, ಯಾವ ವಿಭಾಗದಿಂದ ಯಾರನ್ನು ಎಷ್ಟು ದಿನಕ್ಕೆ ಪಡೆಯುತ್ತೇವೆ ಎಂಬುದನ್ನು ದಿನಾಂಕಸಹಿತ ಬರೆದು, ಅದರ ಕೆಳಗೆ ಮೇಲಧಿಕಾರಿಯ ಸಹಿ ಪಡೆದು, ಡ್ಯೂಟಿ ಕೋಣೆಯಲ್ಲಿ ಪಟ್ಟಿಯ ಪಕ್ಕದಲ್ಲೇ ಹಚ್ಚಿ.